ಬೀಳದೆ ನಡೆಯುವುದು ಹೇಗೆ?

ಮಕ್ಕಳೇ, ನೀವು ಬಣ್ಣಾರಿಯಿಂದ ದಿಂಬಂವರೆಗೆ ಬಸ್ಸಿನಲ್ಲಿ ಬಂದಿದ್ದೀರಾ? ಆ ಘಟ್ಟದ ರಸ್ತೆಯಲ್ಲಿ 27 ಕಡಿದಾದ ತಿರುವುಗಳಿವೆ. ಸೀಟು ಸಿಗದೆ ನಿಂತು ಬಂದವರಿಗೆ ಆ ತಿರುವುಗಳು ಚೆನ್ನಾಗಿ ನೆನಪಿರುತ್ತವೆ. ಬಸ್ಸು ಎಡಕ್ಕೆ ತಿರುಗಿದರೆ ನಮ್ಮ ಮೈ ಬಲಕ್ಕೆ ವಾಲುತ್ತದೆ. ಬಸ್ಸು ಬಲಕ್ಕೆ ತಿರುಗಿದರೆ ಮೈ ಎಡಕ್ಕೆ ವಾಲುತ್ತದೆ. ಆಗ ನೀವು ಏನು ಮಾಡುತ್ತೀರಿ? ಕಾಲುಗಳನ್ನು ಅಗಲಿಸಿ ನಿಲ್ಲುತ್ತೀರಿ. ಮಂಡಿಯನ್ನು ಸ್ವಲ್ಪ ಬಗ್ಗಿಸುತ್ತೀರಿ. ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತೀರಿ. ದೀಪಾವಳಿ ಮುಗಿದ ಕೂಡಲೇ ನಡೆಯುವ ಗುಮಟಾಪುರದ ಗೊರೆಹಬ್ಬವನ್ನು ನೋಡಿದವರಿಗೂ ಇದು ಗೊತ್ತು. ಜಾರುವ ಸಗಣಿಯಲ್ಲಿ ನಿಂತು ಉಂಡೆ ಎಸೆಯುವವರು ಕಾಲನ್ನು ಅಗಲಿಸಿ, ಮೈಯನ್ನು ತಗ್ಗಿಸಿಯೇ ನಿಲ್ಲುತ್ತಾರೆ. ಇದನ್ನು ಅವರಿಗೆ ಯಾರೂ ಪಾಠ ಮಾಡಿಲ್ಲ.

ಮೈ ಬೀಳದಂತೆ ಹಿಡಿದುಕೊಳ್ಳುವ ಈ ಶಕ್ತಿಗೆ ಸಮತೋಲನ ಎಂದು ಹೆಸರು. ಇದು ನಮಗೆ ಹೇಗೆ ಬರುತ್ತದೆ?

ನಾವು ವಾಲುತ್ತಿದ್ದೇವೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಅಂಗಗಳು ಮುಖ್ಯವಾಗಿ ಮೂರು. ಮೊದಲನೆಯದು ಕಣ್ಣು. ಎರಡನೆಯದು ಕಿವಿ. ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಎಂದು ನೀವು ತಿಳಿದಿರಬಹುದು. ಆದರೆ ಒಳಕಿವಿಯಲ್ಲಿ ಅರ್ಧವೃತ್ತದ ಆಕಾರದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ತಲೆ ತಿರುಗಿಸಿದಾಗ ಆ ದ್ರವ ಅಲುಗಾಡಿ ಮೆದುಳಿಗೆ ಸುದ್ದಿ ಹೋಗುತ್ತದೆ. ನೀವು ಗಿರಗಿರನೆ ಸುತ್ತಿ ನಿಂತಾಗ ಊರೇ ಸುತ್ತಿದಂತೆ ಕಾಣುತ್ತದಲ್ಲವೇ? ನೀವು ನಿಂತಿದ್ದರೂ ಕಿವಿಯೊಳಗಿನ ದ್ರವ ಇನ್ನೂ ನಿಂತಿರುವುದಿಲ್ಲ. ಅದಕ್ಕೇ ಹಾಗಾಗುತ್ತದೆ. ಮೂರನೆಯದು ಕಾಲು. ಅಂಗಾಲಿನ ಚರ್ಮ, ಕೀಲುಗಳು ಮತ್ತು ಮಾಂಸಖಂಡಗಳು ನೆಲ ಹೇಗಿದೆ, ಪಾದ ಎತ್ತ ಬಾಗಿದೆ ಎಂಬುದನ್ನು ತಿಳಿಸುತ್ತಲೇ ಇರುತ್ತವೆ.

ಒಂದು ಪರೀಕ್ಷೆ ಮಾಡಿ ನೋಡಿ. ಗೋಡೆಯ ಪಕ್ಕದಲ್ಲಿ ನಿಲ್ಲಿ. ಗೆಳೆಯನೊಬ್ಬ ಹತ್ತಿರ ಇರಲಿ. ಒಂದೇ ಕಾಲಿನ ಮೇಲೆ ನಿಂತು 20ರವರೆಗೆ ಎಣಿಸಿ. ಈಗ ಕಣ್ಣು ಮುಚ್ಚಿ ಅದನ್ನೇ ಮಾಡಿ. ಬಹಳ ಜನರಿಗೆ 10 ಎಣಿಸುವುದರೊಳಗೆ ಕಾಲು ನಡುಗತೊಡಗುತ್ತದೆ. ಸುದ್ದಿ ಕೊಡುವ ಮೂವರಲ್ಲಿ ಒಬ್ಬ ಸುಮ್ಮನಾದರೆ ಉಳಿದ ಇಬ್ಬರ ಕೆಲಸ ಹೆಚ್ಚುತ್ತದೆ.

ಎಲ್ಲರ ದೇಹವೂ ಒಂದೇ ಬಗೆಯಲ್ಲ. ಕೆಲವರಿಗೆ ಹುಟ್ಟಿನಿಂದಲೇ ಒಂದು ಕಾಲಿನಲ್ಲಿ ಬಲ ಕಡಿಮೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮೆದುಳು ಕಳಿಸುವ ಆಜ್ಞೆ ಮಾಂಸಖಂಡಗಳಿಗೆ ಸರಿಯಾಗಿ ತಲುಪದೆ ಅವು ಬಿಗಿದುಕೊಳ್ಳುತ್ತವೆ. ಕೆಲವರು ಅಪಘಾತದಲ್ಲಿ ಕಾಲನ್ನು ಕಳೆದುಕೊಂಡಿರುತ್ತಾರೆ. ಒಳಕಿವಿಗೆ ತೊಂದರೆಯಾದ ಮಕ್ಕಳಿಗೆ ಕಿವಿ ಕೇಳಿಸದಿರುವುದರ ಜೊತೆಗೆ ಸಮತೋಲನವೂ ಕಷ್ಟವಾಗಬಹುದು. ಹಿಂದೆ ಪೋಲಿಯೋ ಎಂಬ ರೋಗ ಸಾವಿರಾರು ಮಕ್ಕಳ ಕಾಲುಗಳನ್ನು ಸಣ್ಣಗಾಗಿಸುತ್ತಿತ್ತು. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತವು ಪೋಲಿಯೋ ಮುಕ್ತ ಎಂದು ಘೋಷಣೆಯಾಯಿತು. ಆದರೆ ಅದಕ್ಕೆ ಮೊದಲು ಆ ರೋಗಕ್ಕೆ ತುತ್ತಾದವರು ಈಗ ದೊಡ್ಡವರಾಗಿ ನಮ್ಮ ಊರುಗಳಲ್ಲೇ ಇದ್ದಾರೆ. ಇವರನ್ನೆಲ್ಲ ವಿಕಲಚೇತನರು ಎನ್ನುತ್ತೇವೆ. ಈ ಪಾಠವನ್ನು ಓದುತ್ತಿರುವ ನಿಮ್ಮಲ್ಲಿಯೂ ಊರುಗೋಲು ಹಿಡಿದವರು, ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡವರು ಇರಬಹುದು.

ಇಂತಹವರು ಬಿದ್ದರೆ ಅದು ಅವರ ಹಣೆಬರಹ ಎಂದು ಹೇಳುವವರಿದ್ದಾರೆ. ಆ ಮಾತು ಸರಿಯಲ್ಲ. ಪ್ರತಿಯೊಂದು ಬೀಳುವಿಕೆಗೂ ಒಂದು ಕಾರಣವಿರುತ್ತದೆ. ಕಾರಣ ದೇಹದಲ್ಲಿದ್ದರೆ ದೇಹಕ್ಕೆ ಕಲಿಸಬಹುದು. ನೆಲದಲ್ಲಿದ್ದರೆ ನೆಲವನ್ನು ಸರಿಪಡಿಸಬಹುದು. ಬೀಳುವುದಕ್ಕಿಂತ ದೊಡ್ಡ ಶತ್ರು ಬೀಳುವ ಭಯ. ಒಮ್ಮೆ ಬಿದ್ದ ಹುಡುಗಿಯನ್ನು ಮನೆಯವರು ಪ್ರೀತಿಯಿಂದಲೇ, "ಬೇಡಮ್ಮ, ಕೂತಿರು" ಎಂದು ಜಗಲಿಯಲ್ಲಿ ಕೂರಿಸುತ್ತಾರೆ. ಕೂತು ಕೂತು ಕಾಲಿನ ಬಲ ಇನ್ನೂ ಕುಗ್ಗುತ್ತದೆ. ಮುಂದಿನ ಸಲ ಎದ್ದಾಗ ಅವಳು ಮೊದಲಿಗಿಂತ ಸುಲಭವಾಗಿ ಬೀಳುತ್ತಾಳೆ. ಹೀಗೆ ನಾಲ್ಕು ದಿನ ತಪ್ಪಿದ ಶಾಲೆ ಒಂದು ವರ್ಷ ತಪ್ಪಬಹುದು.

ದೇಹಕ್ಕೆ ಕಲಿಸುವುದು ಹೇಗೆ? ಇದನ್ನು ಹೇಳಿಕೊಡುವವರು ಫಿಸಿಯೋಥೆರಪಿಸ್ಟರು. ಶಾಲಾ ಮಕ್ಕಳಿಗಾಗಿ ಅವರು ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಬರುವುದುಂಟು. ತಮಿಳುನಾಡು ಸರ್ಕಾರ 2021ರಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ, ನಡೆಯಲಾರದವರ ಮನೆಗೇ ಬಂದು ವ್ಯಾಯಾಮ ಮಾಡಿಸುವ ಏರ್ಪಾಡಿದೆ. ಯಾರಿಗೆ ಯಾವ ವ್ಯಾಯಾಮ ಎಂಬುದನ್ನು ಅವರೇ ನೋಡಿ ಹೇಳಬೇಕು. ಸಾಮಾನ್ಯವಾಗಿ ಮಾಡಿಸುವುದು ತೀರ ಸರಳವಾದವು. ಕಿಟಕಿಯ ಸರಳನ್ನು ಹಿಡಿದು ನಿಂತು ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನಿಧಾನವಾಗಿ ಬದಲಿಸುವುದು ಒಂದು. ಕುರ್ಚಿಯಿಂದ ಕೈಯೂರದೆ ಎದ್ದು ಮತ್ತೆ ಕೂರುವುದು ಇನ್ನೊಂದು. ಇದು ತೊಡೆಯ ಮಾಂಸಖಂಡಗಳನ್ನು ಬಲಪಡಿಸುತ್ತದೆ. ನಿಲ್ಲಲಾಗದ ಮಕ್ಕಳು ಕೂತಲ್ಲೇ ಕಲಿಯಬಹುದು. ಬೆನ್ನಿಗೆ ಆಸರೆಯಿಲ್ಲದೆ ಕೂತು, ಪಕ್ಕದಲ್ಲಿಟ್ಟ ಚೆಂಡನ್ನು ಕೈಚಾಚಿ ಎತ್ತಿಕೊಂಡರೆ ಸೊಂಟ ಗಟ್ಟಿಯಾಗುತ್ತದೆ. ಒಂದು ದಿನದಲ್ಲಿ ಫಲ ಸಿಗುವುದಿಲ್ಲ. ಸೈಕಲ್ ಕಲಿತದ್ದು ನೆನಪಿದೆಯಲ್ಲವೇ? ಇದೂ ಹಾಗೆಯೇ, ದಿನವೂ ಸ್ವಲ್ಪ ಸ್ವಲ್ಪ.

ಇನ್ನು ಊರುಗೋಲಿನ ಮಾತು. ಹೊಲದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುವುದನ್ನು ನೋಡಿದ್ದೀರಿ. ಎರಡು ಕಲ್ಲಿನ ಮೇಲೆ ಮಡಕೆ ನಿಲ್ಲುವುದಿಲ್ಲ, ಮೂರು ಕಲ್ಲಿನ ಮೇಲೆ ಅಲುಗಾಡದೆ ನಿಲ್ಲುತ್ತದೆ. ಎರಡು ಕಾಲಿಗೆ ಒಂದು ಕೋಲು ಸೇರಿದರೆ ಮೂರಾಯಿತು. ಆದರೆ ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಎಡಗಾಲು ದುರ್ಬಲವಾಗಿದ್ದರೆ ಎಡಗೈಯಲ್ಲಿ ಎಂದು ನೀವು ಹೇಳಬಹುದು. ಸರಿಯಾದ ಉತ್ತರ ಬಲಗೈ! ನಡೆಯುವಾಗ ಎಡಗಾಲಿನ ಜೊತೆಗೆ ಬಲಗೈ ಮುಂದೆ ಬರುವುದು ನಮ್ಮ ಸಹಜ ಅಭ್ಯಾಸ. ಎಡಗಾಲು ನೆಲಕ್ಕೆ ಊರುವಾಗಲೇ ಬಲಗಡೆಯ ಕೋಲೂ ಊರಿದರೆ ಭಾರ ಇಬ್ಬರಿಗೂ ಹಂಚಿಹೋಗುತ್ತದೆ. ಕೈಯನ್ನು ಸಡಿಲವಾಗಿ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿಗೆ ಬರುತ್ತದೆಯೋ ಅಷ್ಟು ಎತ್ತರದ ಕೋಲು ಬೇಕು. ಮಕ್ಕಳು ಬೆಳೆಯುತ್ತಾರೆ, ಕೋಲು ಬೆಳೆಯುವುದಿಲ್ಲ. ಮೂರನೇ ತರಗತಿಯ ಕೋಲು ಐದನೇ ತರಗತಿಗೆ ಗಿಡ್ಡವಾಗಿ ಬೆನ್ನು ಬಾಗಿಸುತ್ತದೆ. ಕೋಲಿನ ತುದಿಯ ರಬ್ಬರ್ ಬಿರಡೆಯನ್ನೂ ಆಗಾಗ ತಿರುಗಿಸಿ ನೋಡಿ. ಅದು ಸವೆದು ನುಣುಪಾಗಿದ್ದರೆ ಸವೆದ ಟೈರಿನಂತೆ ಜಾರುತ್ತದೆ.

ಮೆಟ್ಟಿಲಿಗೂ ಒಂದು ಲೆಕ್ಕವಿದೆ. ಹತ್ತುವಾಗ ಬಲವಾದ ಕಾಲು ಮೊದಲು, ಏಕೆಂದರೆ ಮೈಯನ್ನು ಮೇಲಕ್ಕೆ ಎತ್ತುವ ಕೆಲಸ ಅದರದು. ಇಳಿಯುವಾಗ ದುರ್ಬಲ ಕಾಲು ಮೊದಲು. ಆಗ ಮೇಲಿನ ಮೆಟ್ಟಿಲಿನಲ್ಲಿರುವ ಬಲವಾದ ಕಾಲು ಮೈಯನ್ನು ಹಿಡಿದು ನಿಧಾನವಾಗಿ ಇಳಿಸುತ್ತದೆ.

ಕಾಲನ್ನು ಕಳೆದುಕೊಂಡವರ ಕಥೆ ಬೇರೆ. ಹಿಂದೆ ಸಿಗುತ್ತಿದ್ದ ಕೃತಕ ಪಾದಗಳು ಬಾಗುತ್ತಿರಲಿಲ್ಲ. ಬೂಟು ಹಾಕಿಕೊಂಡು ಸಪಾಟಾದ ನೆಲದ ಮೇಲೆ ನಡೆಯುವವರಿಗಷ್ಟೇ ಅವು ಸರಿಯಾಗಿದ್ದವು. ಉಳುಮೆ ಮಾಡಿದ ಹೊಲದಲ್ಲಿ ಬರಿಗಾಲಿನಲ್ಲಿ ನಡೆಯುವ, ಕುಕ್ಕರಗಾಲಿನಲ್ಲಿ ಕೂರುವ ನಮ್ಮ ರೈತರಿಗೆ ಅವುಗಳಿಂದ ಪ್ರಯೋಜನವಿರಲಿಲ್ಲ. ರಾಜಸ್ಥಾನದ ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ. ಕೆ. ಸೇಥಿ ಸೇರಿ 1968ರಲ್ಲಿ ರಬ್ಬರಿನ ಪಾದವೊಂದನ್ನು ರೂಪಿಸಿದರು. ಅದು ಎಲ್ಲ ಕಡೆಗೂ ಬಾಗುತ್ತದೆ. ಕಲ್ಲು ಸಿಕ್ಕರೆ ಕಲ್ಲಿಗೆ, ಹಳ್ಳ ಸಿಕ್ಕರೆ ಹಳ್ಳಕ್ಕೆ ಹೊಂದಿಕೊಳ್ಳುತ್ತದೆ. ಇದೇ ಜೈಪುರ ಕಾಲು. ನಮ್ಮ ತಾಳವಾಡಿಯಂತಹ ಏರುತಗ್ಗಿನ ನಾಡಿಗೆ ಹೇಳಿ ಮಾಡಿಸಿದ ಹಾಗಿದೆ.

ಈಗ ನೆಲವನ್ನು ನೋಡೋಣ. ನಮ್ಮ ಊರಿನಲ್ಲಿ ಬೀಳಿಸುವ ಜಾಗಗಳು ಯಾವುವು? ಪಾಚಿ ಕಟ್ಟಿದ ಬಚ್ಚಲು ಎಲ್ಲಕ್ಕಿಂತ ಮೊದಲು. ಅದನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು, ಗೋಡೆಗೆ ಒಂದು ಗಟ್ಟಿಯಾದ ಹಿಡಿ ಹಾಕಿಸಿದರೆ ಅರ್ಧ ಅಪಾಯ ಕಳೆಯಿತು. ಕೊಳಾಯಿಯ ಸುತ್ತ ನಿಂತ ನೀರು, ಬಾಗಿಲಲ್ಲಿ ಮುದುಡಿ ಬಿದ್ದ ಗೋಣಿಚೀಲ, ಎತ್ತರದ ಹೊಸ್ತಿಲು ಇವೂ ಇವೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಒಕ್ಕಲು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹುಲ್ಲಿನ ಕೆಳಗೆ ಉದುರಿದ ಕಾಳು ಪಾದದಡಿ ಉರುಳುತ್ತದೆ. ಊರುಗೋಲಿನವರಿಗೆ ಅದು ಬಹಳ ಅಪಾಯ. ಅಂಚಿನಲ್ಲಿ ಒಂದು ಗಜ ಜಾಗ ಬಿಟ್ಟು ಹರಡಿ ಎಂದು ನಿಮ್ಮ ಅಪ್ಪನಿಗೆ ನೀವೇ ಹೇಳಬಹುದು. ಹಿಮ್ಮಡಿಗೆ ಪಟ್ಟಿಯಿಲ್ಲದ ಸಡಿಲ ಚಪ್ಪಲಿಗಿಂತ ಪಟ್ಟಿ ಇರುವ ಚಪ್ಪಲಿ ಮೇಲು. ಪುಸ್ತಕದ ಚೀಲವನ್ನು ಒಂದೇ ಹೆಗಲಿಗೆ ಹಾಕಿದರೆ ಮೈ ಅತ್ತಲೇ ಎಳೆಯುತ್ತದೆ. ಎರಡೂ ಹೆಗಲಿಗೆ ಹಾಕಬೇಕು.

ಅವಸರವೂ ಬೀಳಿಸುತ್ತದೆ. ನಮ್ಮ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲಂ ಹುಲಿ ಮೀಸಲು ಪ್ರದೇಶ. ಸಂಜೆಯಾದರೆ ಆನೆಗಳು ಹೊಲಗಳತ್ತ ಬರುತ್ತವೆ. ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಎಲ್ಲರೂ ಓಡುತ್ತಾರೆ. ನಿಧಾನವಾಗಿ ನಡೆಯುವವರು ಹಿಂದೆ ಉಳಿದು, ಗಾಬರಿಯಿಂದ ಹೆಜ್ಜೆ ತಪ್ಪುತ್ತಾರೆ. ಶಾಲೆ ಬಿಟ್ಟ ಕೂಡಲೇ ಗುಂಪಾಗಿ ಹೊರಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ, ಅವರ ಹೆಜ್ಜೆಯ ವೇಗವೇ ಗುಂಪಿನ ವೇಗವಾಗಲಿ.

ನಿಮ್ಮ ಗೆಳತಿಗೆ ಸಹಾಯ ಬೇಕೆನಿಸಿದರೆ ಮೊದಲು ಕೇಳಿ. ಹಿಂದಿನಿಂದ ಬಂದು ಕೈ ಎಳೆಯಬೇಡಿ. ಅವಳ ಕೋಲನ್ನು ಕಿತ್ತುಕೊಂಡು ಆಟವಾಡಬೇಡಿ, ಅದು ಅವಳ ಕಾಲಿಗೆ ಸಮಾನ. ಅವಳು ಬಿದ್ದರೆ ತಕ್ಷಣ ರಟ್ಟೆ ಹಿಡಿದು ಎತ್ತುವುದೂ ತಪ್ಪು. "ನೋವಾಯಿತೇ? ಎಲ್ಲಿ?" ಎಂದು ಕೇಳಿ. ತಲೆಗೆ ಪೆಟ್ಟಾಗಿದ್ದರೆ, ಕೈಕಾಲು ಊದಿದ್ದರೆ ಅಥವಾ ಸೊಟ್ಟಗಾಗಿದ್ದರೆ ಅಲುಗಾಡಿಸದೆ ಟೀಚರನ್ನು ಕರೆಯಿರಿ. ಆಂಬುಲೆನ್ಸಿನ ಸಂಖ್ಯೆ 108. ಪೆಟ್ಟಿಲ್ಲದಿದ್ದರೆ ಅವಳೇ ಏಳಲಿ. ಒಂದು ಮಗ್ಗುಲಿಗೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿಯಾದ ಬೆಂಚನ್ನು ಹಿಡಿದು, ಬಲವಾದ ಕಾಲನ್ನು ಮುಂದಿಟ್ಟು ಏಳುವುದು ಸುಲಭದ ದಾರಿ. ಬೆಂಚನ್ನು ಹತ್ತಿರ ತಂದುಕೊಡುವ ಕೆಲಸ ನಿಮ್ಮದು. ಏಳುವುದನ್ನು ಕಲಿತವರಿಗೆ ಬೀಳುವ ಭಯ ಕಡಿಮೆಯಾಗುತ್ತದೆ.

ನಮ್ಮ ಈರೋಡಿನ ಪಕ್ಕದ ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು ಅವರ ಹೆಸರು ಕೇಳಿದ್ದೀರಾ? ಅವರಿಗೆ 5 ವರ್ಷವಾಗಿದ್ದಾಗ ಬಸ್ಸೊಂದು ಅವರ ಬಲಗಾಲಿನ ಮೇಲೆ ಹರಿಯಿತು. ಆ ಕಾಲು ಮತ್ತೆ ಮೊದಲಿನಂತಾಗಲಿಲ್ಲ. ಮುಂದೆ ಅವರು ಎತ್ತರ ಜಿಗಿತವನ್ನು ಕಲಿತರು. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 1.89 ಮೀಟರ್ ಜಿಗಿದು ಚಿನ್ನದ ಪದಕ ಗೆದ್ದರು. 2021ರಲ್ಲಿ ಟೋಕಿಯೋದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು. ಟೋಕಿಯೋದಲ್ಲಿ ಸ್ಪರ್ಧೆಯ ನಡುವೆ ಮಳೆ ಬಂದು, ಬಲಗಾಲಿನ ಕಾಲುಚೀಲ ನೆನೆದು ಜಿಗಿಯಲು ಕಷ್ಟವಾಯಿತೆಂದು ಅವರೇ ಹೇಳಿದ್ದಾರೆ. ಒಂದು ಒದ್ದೆ ಕಾಲುಚೀಲ ಅಷ್ಟು ದೊಡ್ಡ ಆಟಗಾರನಿಗೂ ತೊಡಕಾಗುತ್ತದೆ ಎಂದ ಮೇಲೆ ಒದ್ದೆ ಬಚ್ಚಲಿನ ಮಾತೇನು! ಕರ್ನಾಟಕದ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರಿಗೆ ಎಡಗಾಲಿನಲ್ಲಿ ಊನವಿದೆ. ಅವರು 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಆ ಸಲ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಎತ್ತರ ಜಿಗಿಯುವವರು ಪ್ರತಿ ಸಲವೂ ಬೀಳುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ಅವರು ಬೀಳುವ ಜಾಗದಲ್ಲಿ ದಪ್ಪನೆಯ ಹಾಸಿಗೆ ಇರುತ್ತದೆ, ಅಷ್ಟೇ.

ಶಾಲೆಯಲ್ಲಿ ಹಾಸಿಗೆ ಹಾಸಲಾಗುವುದಿಲ್ಲ. ಆದರೆ ಇಳಿಜಾರು ದಾರಿ ಕಟ್ಟಬಹುದು. ವಿಕಲಚೇತನರ ಹಕ್ಕುಗಳಿಗಾಗಿ 2016ರಲ್ಲಿ ಬಂದ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ಕಟ್ಟಡಕ್ಕೆ ಅವರು ತೊಂದರೆಯಿಲ್ಲದೆ ಬಂದುಹೋಗುವಂತಿರಬೇಕು. ಕೆಲವು ಕಡೆ ಹೆಸರಿಗೆ ಮಾತ್ರ ಇಳಿಜಾರು ಕಟ್ಟಿರುತ್ತಾರೆ. ಅದು ಎಷ್ಟು ಕಡಿದಾಗಿರುತ್ತದೆ ಎಂದರೆ ಗಾಲಿಕುರ್ಚಿ ತಳ್ಳುವವರಿಗೆ ಏದುಸಿರು ಬರುತ್ತದೆ, ಊರುಗೋಲಿನವರು ಮೆಟ್ಟಿಲೇ ವಾಸಿ ಎನ್ನುತ್ತಾರೆ. ಸರಿಯಾದ ಅಳತೆ ಹೀಗಿದೆ: 1 ಅಂಗುಲ ಎತ್ತರಕ್ಕೆ 12 ಅಂಗುಲ ಉದ್ದ. ಮೆಟ್ಟಿಲು 6 ಅಂಗುಲ ಎತ್ತರವಿದ್ದರೆ ಇಳಿಜಾರು 72 ಅಂಗುಲ, ಅಂದರೆ 6 ಅಡಿ ಉದ್ದವಿರಬೇಕು. ಎರಡೂ ಬದಿಗೆ ಹಿಡಿಕಂಬಿ ಇರಬೇಕು. ನಾಳೆ ಶಾಲೆಗೆ ಒಂದು ಅಳತೆಪಟ್ಟಿ ತನ್ನಿ. ನಿಮ್ಮ ತರಗತಿಯ ಮುಂದಿನ ಮೆಟ್ಟಿಲುಗಳ ಎತ್ತರವನ್ನು ಅಳೆದು, ಕೂಡಿ, 12ರಿಂದ ಗುಣಿಸಿ. ಬಂದ ಉತ್ತರವನ್ನೂ ಈಗಿರುವ ಇಳಿಜಾರಿನ ಉದ್ದವನ್ನೂ ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ.