ಹೈದರನ ದಂಡೂ ಐರ್ಲೆಂಡಿನ ಬರ್ಕನೂ

ನಮ್ಮ ರಾಯಬಾಗ, ಅಥಣಿಗಳನ್ನು ದಾಟಿ ಮೂಡಣಕ್ಕೆ ಸಾಗುವ ಕೃಷ್ಣೆಯ ದಂಡೆಯವರೆಗೆ 1778ರ ಸುಮಾರಿಗೆ ಹೈದರಾಲಿಯ ರಾಜ್ಯ ಹಬ್ಬಿತ್ತೆಂದು ಶಾಲೆಯಲ್ಲಿ ಪಾಠ ಹೇಳುತ್ತೇವೆ. ಆ ಹೈದರನ ದಂಡಯಾತ್ರೆಯನ್ನು ಇಂಗ್ಲಿಷ್ ಗದ್ಯದಲ್ಲಿ ಅಚ್ಚಳಿಯದಂತೆ ನಿಲ್ಲಿಸಿದವನು, ಭಾರತವನ್ನು ಕಣ್ಣಾರೆ ಕಾಣದ ಒಬ್ಬ ಐರಿಷ್ ಲೇಖಕ. ಅವನೇ ಎಡ್ಮಂಡ್ ಬರ್ಕ್.

ಬರ್ಕ್ ಹುಟ್ಟಿದ್ದು 1729ರಲ್ಲಿ, ಡಬ್ಲಿನ್ ನಗರದಲ್ಲಿ. ತಂದೆ ಪ್ರಾಟೆಸ್ಟಂಟ್ ವಕೀಲ. ತಾಯಿ ಕ್ಯಾಥೊಲಿಕ್ ಮತದವಳು. ಅಂದಿನ ಐರ್ಲೆಂಡಿನಲ್ಲಿ ಆ ಮತದವರಿಗೆ ಮತದಾನದ ಹಕ್ಕೂ ಇರಲಿಲ್ಲ. ಕಾಯಿದೆಯೇ ಅನ್ಯಾಯಕ್ಕೆ ಆಸರೆಯಾಗುವುದನ್ನು ಅವನು ಬಾಲ್ಯದಿಂದಲೇ ಕಂಡಿದ್ದನು.

1757ರಲ್ಲಿ ಅವನು ಭವ್ಯ ಮತ್ತು ಸುಂದರಗಳನ್ನು ಕುರಿತು ಒಂದು ಗ್ರಂಥ ಬರೆದನು. ಕತ್ತಲೆ, ಕಡಲು, ಅಪಾರ ಶಕ್ತಿ ಇವು ಅಂಜಿಕೆ ಹುಟ್ಟಿಸುತ್ತವೆ. ಅಪಾಯ ನಮ್ಮನ್ನು ತಟ್ಟದಿದ್ದಾಗ ಆ ಅಂಜಿಕೆಯಲ್ಲೇ ಒಂದು ಬಗೆಯ ಆನಂದವುಂಟು; ಅದೇ ಭವ್ಯತೆಯ ಮೂಲವೆಂದು ಅವನ ಮತ. ಭಯಾನಕವನ್ನೂ ರಸವೆಂದು ಎಣಿಸಿದ ನಮ್ಮ ಆಲಂಕಾರಿಕರನ್ನು ಬಲ್ಲವರಿಗೆ ಈ ಮಾತು ತೀರ ಹೊಸದೆನಿಸದು.

ಆ ಭಯಾನಕವನ್ನು ಅವನು ನ್ಯಾಯಕ್ಕಾಗಿ ಬಳಸಿದ್ದು 1785ರ ಫೆಬ್ರುವರಿ 28ರಂದು, ಲಂಡನ್ನಿನ ಪಾರ್ಲಿಮೆಂಟಿನಲ್ಲಿ. ಆರ್ಕಾಟಿನ ನವಾಬ ಮಹಮ್ಮದಾಲಿ ಕಂಪನಿಯ ನೌಕರರಿಂದಲೇ ವಿಪರೀತ ಬಡ್ಡಿಗೆ ಸಾಲ ಪಡೆದಿದ್ದನು. ಸರಿಯಾದ ವಿಚಾರಣೆಯಿಲ್ಲದೆ ಆ ಸಾಲವನ್ನು 'ಕರ್ನಾಟಿಕ್' ಸೀಮೆಯ ಕಂದಾಯದಿಂದ ತೀರಿಸಲು ಮಂತ್ರಿಗಳು ಒಪ್ಪಿದ್ದರು. ಈ ಕರ್ನಾಟಿಕ್ ನಮ್ಮ ಕನ್ನಡನಾಡಲ್ಲ. ಘಟ್ಟದ ಕೆಳಗಿನ ಆರ್ಕಾಟಿನ ಸೀಮೆ. 1780ರಲ್ಲಿ ಹೈದರನ ದಂಡು ಅಲ್ಲಿಗೆ ಇಳಿದುದನ್ನು ಬರ್ಕ್ ಬೆಟ್ಟದ ಮೇಲೆ ಕವಿದ ಕಾರ್ಮುಗಿಲಿನಂತೆ ಬಣ್ಣಿಸಿದನು. ಆದರೆ ಅವನ ಮುಖ್ಯ ಆರೋಪ ಹೈದರನ ಮೇಲಲ್ಲ. ಈ ಯುದ್ಧವನ್ನು ಬರಮಾಡಿಕೊಂಡ ದುರಾಸೆಯ ಮೇಲೆ. ಆ ಒಣಸೀಮೆಯ ಜೀವ ಕೆರೆಗಳಲ್ಲಿದೆ, ಅವನ್ನು ಕಟ್ಟಿಸಿದವರೇ ನಿಜವಾದ ಅರಸರು ಎಂದು ಅವನು ಹೊಗಳಿದನು. ಹಾಳಾದ ಕೆರೆಗಳ ದುರಸ್ತಿಗೆ ಹೋಗಬೇಕಾದ ಹಣ ಸಾಲ ಕೊಟ್ಟವರ ಜೇಬಿಗೆ ಹೋಗುವುದೇ? ಇದು ಅವನ ಪ್ರಶ್ನೆ.

ಸಭೆ ಅವನ ಮಾತನ್ನು ತಳ್ಳಿಹಾಕಿತು. 1788ರಲ್ಲಿ ಆರಂಭವಾದ ವಾರನ್ ಹೇಸ್ಟಿಂಗ್ಸನ ವಿಚಾರಣೆಯಲ್ಲಿಯೂ ಬರ್ಕನೇ ಮುಂದಾಳು. 1795ರಲ್ಲಿ ಹೇಸ್ಟಿಂಗ್ಸ್ ನಿರ್ದೋಷಿಯೆನಿಸಿದನು. ಹೆಚ್ಚು ಹೆಸರು ತಂದದ್ದು ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ 1790ರಲ್ಲಿ ಬರೆದ ಗ್ರಂಥ. ಎರಡು ವರ್ಷ ಕಳೆದು, 1797ರಲ್ಲಿ ಅವನು ತೀರಿಕೊಂಡನು.

ಎರಡೂ ಸಲ ಅವನು ಸೋತನೆಂದು ಚರಿತ್ರೆ ಬರೆದಿಟ್ಟಿದೆ. ಆದರೆ ರೈತನು ಕೊಟ್ಟ ಕಂದಾಯ ಮೊದಲು ಅವನ ಕೆರೆಗೆ ಸಲ್ಲಬೇಕೆಂಬ ಮಾತು ಸೋತಿಲ್ಲ. ಮಳೆ ತಪ್ಪಿದ ವರ್ಷ ಅದರ ಬೆಲೆ ನಮ್ಮ ಸೀಮೆಯವರಿಗೆ ಚೆನ್ನಾಗಿ ತಿಳಿಯುತ್ತದೆ.