ತೊಟ್ಟಿಲಿಗೆ ಸಾಲ ಬೇಕೆ?

ಚೊಚ್ಚಲ ಕೂಸಿಗೆ ತವರಿನವರು ತೊಟ್ಟಿಲು ತರುವುದು ಕೊಲ್ಲಾಪುರ, ಗಡಹಿಂಗ್ಲಜ ಭಾಗದ ಕನ್ನಡ ಮನೆಗಳಿಗೆ ಪರಿಚಿತವಾದ ರೂಢಿ. ಅದು ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲಾದರೆ ಹೆಮ್ಮೆ ಇನ್ನೂ ಹೆಚ್ಚು. ಆದರೆ ಇಚಲಕರಂಜಿಯಲ್ಲಿ ಮಗ್ಗದ ಕೂಲಿಯನ್ನೇ ನೆಚ್ಚಿದ ಕುಟುಂಬವು ಆ ಹೆಮ್ಮೆಗಾಗಿ ಸಾಲ ಮಾಡಬೇಕೆ?

ಕೂಸು ಎದ್ದು ಕೂಡಲು ಯತ್ನಿಸುವ ಐದಾರು ತಿಂಗಳಿಗೆ ತೊಟ್ಟಿಲಿನ ಕಾಲ ಮುಗಿಯುತ್ತದೆ. ಬಳಿಕ ಬೀಳುವ ಭಯ. ಆದ್ದರಿಂದ ಅದನ್ನು ಬಂಧುಗಳಿಂದ ಎರವಲು ತರುವುದೇ ಜಾಣತನ. ತಂದ ಮೇಲೆ ಕೊಂಡಿ, ಸರಪಳಿಗಳನ್ನು ಜಗ್ಗಿ ನೋಡಬೇಕು.

ಕೈಯಲ್ಲಿರುವ ಹಣ ಮೊದಲು ಸಮತಟ್ಟಾದ, ಗಟ್ಟಿಯಾದ ಹಾಸಿಗೆಗೆ ಸಲ್ಲಲಿ. ಮೆತ್ತನೆಯ ದಿಂಬು ಬೇಡ. ಅದು ಕೂಸಿನ ಉಸಿರು ಕಟ್ಟಿಸಬಹುದು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗಾಗಿ ದೊರೆಯುವ 5,000 ರೂಪಾಯಿ ಬಾಣಂತಿಯ ಪೋಷಣೆ, ವಿಶ್ರಾಂತಿಗಾಗಿ ಇರುವಂಥದು. ಅದನ್ನು ತೊಟ್ಟಿಲಿನ ಲೆಕ್ಕಕ್ಕೆ ಸೇರಿಸಬಾರದು.