ಗೇಟಿನಲ್ಲಿ ಜೀಪು ನಿಲ್ಲಿಸಿದಾಗ
(ಲೈಸೆನ್ಸಿನ ಕೋವಿ ಇರುವ ಸದಸ್ಯರಿಗೆ ಕೆಲವು ತಿಳಿವಳಿಕೆ)

ನಮ್ಮ ಸದಸ್ಯರ ಪೈಕಿ ಮನೆಯಲ್ಲಿ ಕೋವಿ ಇರುವವರು ಬಹಳ ಮಂದಿ. ಕೆಲವರಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯಿದೆ, ಕೆಲವರಲ್ಲಿ ಜೋಡುನಳಿಗೆಯ ತೋಟಾ ಕೋವಿಯಿದೆ. ತೋಟದ ಬೇಲಿಯೊಳಗೆ ಇರುವಷ್ಟು ಕಾಲ ಅದರಿಂದ ಯಾರಿಗೂ ತಕರಾರಿಲ್ಲ. ತೊಂದರೆ ಆರಂಭವಾಗುವುದು ಅದು ರಸ್ತೆಗೆ ಬಂದಾಗ. ರಿಪೇರಿಗೆಂದು ಮೈಸೂರಿಗೋ ಮಂಗಳೂರಿಗೋ ಒಯ್ಯಬೇಕಾಗುತ್ತದೆ. ಲೈಸೆನ್ಸ್ ನವೀಕರಣಕ್ಕೆ ತೋರಿಸಬೇಕಾಗುತ್ತದೆ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಒಂದು ತೋಟದಿಂದ ಹತ್ತು ಮೈಲಿ ದೂರದ ಇನ್ನೊಂದು ತೋಟಕ್ಕೆ ಹೋಗುವಾಗ ಜೊತೆಗಿರುತ್ತದೆ. ಶನಿವಾರದ ಬಟವಾಡೆಗೆ ಬ್ಯಾಂಕಿನಿಂದ ಹಣ ತರುವಾಗಲೂ ಕೆಲವರು ಇಟ್ಟುಕೊಳ್ಳುತ್ತಾರೆ.

ಸಂಪಾಜೆಯಲ್ಲೋ ಕೊಟ್ಟಿಗೆಹಾರದಲ್ಲೋ ಮಾಕುಟ್ಟದಲ್ಲೋ ಪೊಲೀಸರು ವಾಹನ ನಿಲ್ಲಿಸುವುದು ಸಾಮಾನ್ಯವಾಗಿ ಕೋವಿಗಾಗಿ ಅಲ್ಲ. ವಾಹನದ ಕಾಗದಪತ್ರ, ಮರಳು, ಮರ, ದನ, ಚುನಾವಣೆಯ ಹಣ ಎಂದು ಅವರ ಹುಡುಕಾಟ ಬೇರೆಯೇ ಇರುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಕೋವಿ ಕಂಡ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ. ಹೀಗೆ ಸಿಕ್ಕಿಬಿದ್ದು ಸಂಘದ ಕಚೇರಿಗೆ ಬಂದು ಅಲವತ್ತುಕೊಂಡವರಲ್ಲಿ ತಪ್ಪುಗಾರರು ಕಡಿಮೆ. ಕಾಗದ ಸರಿಯಿಲ್ಲದವರು, ಇಲ್ಲವೇ ಮಾತು ಸರಿಯಾಗಿ ಆಡದವರು ಹೆಚ್ಚು. ಕೋವಿ ಒಮ್ಮೆ ಠಾಣೆಯ ಉಗ್ರಾಣ ಸೇರಿದರೆ ಅದನ್ನು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದಾಟ. ಹಂದಿಗೂ ಮಂಗನಿಗೂ ಅದರ ಲೆಕ್ಕವಿಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯವೆನಿಸಿತು.

ಕಾಯಿದೆಯಲ್ಲಿ ಏನಿದೆ?

ಕೋವಿಗೆ ಸಂಬಂಧಪಟ್ಟ ಮುಖ್ಯ ಕಾನೂನು 1959ರ ಆಯುಧ ಕಾಯಿದೆ. ಅದರಡಿಯ ನಿಯಮಗಳನ್ನು 2016ರಲ್ಲಿ ಹೊಸದಾಗಿ ಮಾಡಲಾಯಿತು. ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು.

ಕಾಯಿದೆಯ 19ನೇ ಕಲಂ ಪ್ರಕಾರ, ಆಯುಧ ಒಯ್ಯುತ್ತಿರುವ ಯಾರನ್ನೇ ಆಗಲಿ ಲೈಸೆನ್ಸ್ ತೋರಿಸುವಂತೆ ಯಾವುದೇ ಪೊಲೀಸ್ ಅಧಿಕಾರಿ ಕೇಳಬಹುದು. ‘ಇನ್‌ಸ್ಪೆಕ್ಟರೇ ಬರಲಿ, ಆಮೇಲೆ ತೋರಿಸುತ್ತೇನೆ’ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಲೈಸೆನ್ಸ್ ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು. ಅಗತ್ಯವೆಂದು ಕಂಡರೆ ಕೋವಿಯನ್ನು ವಶಪಡಿಸಿಕೊಳ್ಳಬಹುದು. ಹೆಸರು, ವಿಳಾಸ ಹೇಳಲು ನಿರಾಕರಿಸಿದರೆ, ಅಥವಾ ಸುಳ್ಳು ಹೇಳುತ್ತಿದ್ದಾನೆ, ತಪ್ಪಿಸಿಕೊಳ್ಳುತ್ತಾನೆ ಎಂಬ ಅನುಮಾನ ಬಂದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಮೆಟ್ಟಿಲು ಮೆಟ್ಟಿಲಾಗಿ ಇರುವ ಈ ವ್ಯವಸ್ಥೆಯನ್ನು ಗಮನಿಸಿ. ಮೊದಲ ಮೆಟ್ಟಿಲಿನಲ್ಲೇ ಲೈಸೆನ್ಸ್ ತೋರಿಸಿದವನಿಗೆ ಮುಂದಿನ ಮೆಟ್ಟಿಲುಗಳ ಗೊಡವೆ ಸಾಮಾನ್ಯವಾಗಿ ಬರುವುದಿಲ್ಲ.

‘ಸಾಮಾನ್ಯವಾಗಿ’ ಎಂದು ಹೇಳಿದ್ದಕ್ಕೆ ಕಾರಣವಿದೆ. 20ನೇ ಕಲಂ ಪ್ರಕಾರ, ಲೈಸೆನ್ಸ್ ಇರಲಿ ಇಲ್ಲದಿರಲಿ, ಕೋವಿ ಒಯ್ಯುವ ರೀತಿ ಮತ್ತು ಸಂದರ್ಭ ಕಾನೂನುಬಾಹಿರ ಕೆಲಸದ ಅನುಮಾನಕ್ಕೆ ಎಡೆಗೊಡುವಂತಿದ್ದರೆ ವಾರಂಟ್ ಇಲ್ಲದೆ ಬಂಧಿಸಿ ಕೋವಿ ವಶಪಡಿಸಿಕೊಳ್ಳಬಹುದು. ನಡುರಾತ್ರಿ, ಕಾಡಿನ ದಾರಿ, ತುಂಬಿದ ಕೋವಿ, ತಲೆಗೆ ಕಟ್ಟುವ ಬ್ಯಾಟರಿ — ಇವಿಷ್ಟೂ ಒಂದೇ ಜೀಪಿನಲ್ಲಿ ಸಿಕ್ಕರೆ ಲೈಸೆನ್ಸ್ ಎಷ್ಟೇ ಚೊಕ್ಕವಾಗಿದ್ದರೂ ವಿವರಣೆ ಕೊಡುವುದು ಕಷ್ಟ.

ಮರೆತದ್ದು ಬೇರೆ, ಮುಗಿದದ್ದು ಬೇರೆ

ಲೈಸೆನ್ಸನ್ನು ಮನೆಯಲ್ಲಿ ಮರೆತು ಬಂದವನಿಗೂ ಅವಧಿ ಮುಗಿದ ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡವನಿಗೂ ಕಾನೂನಿನ ದೃಷ್ಟಿಯಲ್ಲಿ ಬಹಳ ಅಂತರವಿದೆ. ಮೊದಲನೆಯವನು ತರಿಸಿ ತೋರಿಸಿದರೆ ಬಹುಮಟ್ಟಿಗೆ ವಿಷಯ ಮುಗಿಯುತ್ತದೆ. ಎರಡನೆಯವನ ಬಳಿ ಲೈಸೆನ್ಸೇ ಇಲ್ಲವೆಂದು ಅರ್ಥ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡದ್ದಕ್ಕೆ 2019ರ ತಿದ್ದುಪಡಿಯ ನಂತರ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡವಿದೆ. ಲೈಸೆನ್ಸಿನ ಷರತ್ತನ್ನು ಮೀರಿದ್ದಕ್ಕೆ 30ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಲಾಗಿದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಐದು ವರ್ಷದ ಹಿಂದಿನ ತಾರೀಖು ಯಾರ ನೆನಪಿನಲ್ಲಿರುತ್ತದೆ? ಅವಧಿ ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ಅರ್ಜಿ ಕೊಟ್ಟು, ಸ್ವೀಕೃತಿಯನ್ನು ಲೈಸೆನ್ಸಿನ ಜೊತೆಯಲ್ಲೇ ಇಡಿ. ಒಬ್ಬರಿಗೆ ಇದ್ದ ಮೂರು ಕೋವಿಗಳ ಮಿತಿಯೂ ಎರಡಕ್ಕೆ ಇಳಿದಿದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ತಂದೆಯವರು ತೀರಿಕೊಂಡರೆ ತೋಟ ಮಕ್ಕಳ ಪಾಲಿಗೆ ಬರುತ್ತದೆ, ಲೈಸೆನ್ಸ್ ಬರುವುದಿಲ್ಲ. ತಮ್ಮ ಹೆಸರಿಗೆ ಲೈಸೆನ್ಸ್ ಆಗುವವರೆಗೆ ಅಂಥ ಕೋವಿಯನ್ನು ಅನಗತ್ಯ ತಡ ಮಾಡದೆ ಹತ್ತಿರದ ಠಾಣೆಯಲ್ಲಾಗಲಿ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಾಗಲಿ ಠೇವಣಿ ಇಡಬೇಕು. ಠಾಣೆಗೆ ಒಯ್ಯುವ ಮೊದಲು ಅಲ್ಲಿಗೆ ತಿಳಿಸಿ, ಬರವಣಿಗೆಯಲ್ಲಿ ಒಂದು ಅರ್ಜಿ ಮತ್ತು ಮರಣ ಪತ್ರದ ನಕಲು ಜೊತೆಯಲ್ಲಿಟ್ಟುಕೊಂಡು ಹೊರಡುವುದು ಕ್ಷೇಮ.

ಒಯ್ಯುವ ಕ್ರಮ

2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಪೂರ್ತಿ ಮುಚ್ಚಿ, ಚೀಲದಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ತನ್ನ ಹತೋಟಿಯಲ್ಲೇ ಒಯ್ಯಬೇಕು. ಹೆಗಲಿಗೆ ನೇತುಹಾಕಿಕೊಂಡು ಬೈಕಿನಲ್ಲಿ ಪೇಟೆಗೆ ಬರುವ ಕಾಲ ಹೋಯಿತು. ನಳಿಗೆ ಖಾಲಿಯಿರಲಿ. ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಸಾಧ್ಯವಾದರೆ ಕೋವಿಯಿಂದ ದೂರದಲ್ಲಿ ಇಡಿ. ಎಷ್ಟು ತೋಟಾ ಇಟ್ಟುಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ; ಹೊರಡುವ ಮೊದಲು ಎಣಿಸಿಕೊಳ್ಳಿ.

ಲೈಸೆನ್ಸಿನ ಷರತ್ತುಗಳ ಪ್ರಕಾರ, ವಿಶೇಷ ಅನುಮತಿಯಿಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರಿದ ಸಭೆಗೆ, ಶಾಲಾ ಕಾಲೇಜಿನ ಆವರಣಕ್ಕೆ ಕೋವಿ ಒಯ್ಯುವಂತಿಲ್ಲ. ರಿಪೇರಿ ಮುಗಿಸಿ ಬರುವಾಗ ಮಗಳ ಶಾಲೆಯ ಗೇಟಿನೊಳಗೆ ಜೀಪು ತಿರುಗಿಸುವ ಮುನ್ನ ಇದು ನೆನಪಿರಲಿ. ಮದುವೆಮನೆಯಲ್ಲಿ ಗುಂಡು ಹಾರಿಸುವ ಹುಮ್ಮಸ್ಸಿನವರಿಗೂ ಒಂದು ಎಚ್ಚರಿಕೆ: ಸಂಭ್ರಮಕ್ಕೆಂದು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನೂ ಓದಿಕೊಳ್ಳಿ. ಜಿಲ್ಲೆಗೆ ಮಾತ್ರವೋ, ರಾಜ್ಯಕ್ಕೋ, ಇಡೀ ದೇಶಕ್ಕೋ ಎಂದು ಅದರಲ್ಲಿ ನಮೂದಾಗಿರುತ್ತದೆ. ಕರ್ನಾಟಕಕ್ಕೆ ಮಾತ್ರ ಇರುವ ಲೈಸೆನ್ಸಿನವರು ಮಾಕುಟ್ಟ ದಾಟಿ ಇರಿಟ್ಟಿಗೆ ಹೋದರೆ, ಜಾಲ್ಸೂರಿನಿಂದ ಕಾಸರಗೋಡಿನ ದಾರಿ ಹಿಡಿದರೆ, ಆ ಕೋವಿಗೆ ಅಲ್ಲಿ ಲೈಸೆನ್ಸಿನ ರಕ್ಷಣೆಯಿಲ್ಲ.

ಕೈ ಅಡ್ಡ ಹಿಡಿದಾಗ

ಪೊಲೀಸರು ಕೈ ಅಡ್ಡ ಹಿಡಿದರೆ ವಾಹನವನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ರಾತ್ರಿಯಾದರೆ ಒಳಗಿನ ದೀಪ ಹಾಕಿ. ಕೈಗಳು ಸ್ಟೀರಿಂಗಿನ ಮೇಲೆ ಕಾಣುವಂತಿರಲಿ. ಬಂದವರೂ ಮನುಷ್ಯರೇ, ಇಡೀ ದಿನ ನಿಂತು ದಣಿದವರು, ಯಾವ ಗಾಡಿಯಲ್ಲಿ ಯಾರಿದ್ದಾರೋ ಅರಿಯದವರು. ಅವರ ಕಣ್ಣೆದುರೇ ನೀವು ಥಟ್ಟನೆ ಹಿಂದಿನ ಸೀಟಿನ ಕಡೆಗೆ ಕೈ ಚಾಚಿದರೆ ಅವರಿಗೆ ಗಾಬರಿಯಾಗುವುದು ಸಹಜ.

ಕೋವಿ ಇದೆಯೆಂದು ತಾವಾಗಿ ಹೇಳಬೇಕೇ ಎಂದು ಅನೇಕರು ಕೇಳುತ್ತಾರೆ. ಕೇಳಿದಾಗ ಲೈಸೆನ್ಸ್ ತೋರಿಸಬೇಕೆಂದು ಕಾಯಿದೆ ಹೇಳುತ್ತದೆ. ಬರೀ ಡ್ರೈವಿಂಗ್ ಲೈಸೆನ್ಸ್ ನೋಡಿ ‘ಹೋಗಿ’ ಎಂದವರ ಮುಂದೆ ಕೋವಿಯ ಪುರಾಣ ತೆಗೆಯಬೇಕಿಲ್ಲ. ಆದರೆ ಗಾಡಿಯೊಳಗೆ ಹುಡುಕಲು ಹೊರಟರೆ, ಅಥವಾ ‘ಏನಿದೆ ಒಳಗೆ?’ ಎಂದು ಕೇಳಿದರೆ, ಅವರ ಕೈಗೆ ಸಿಗುವ ಮೊದಲೇ ನೀವು ಹೇಳುವುದು ಮೇಲು. ‘ಸರ್, ಹಿಂದಿನ ಸೀಟಿನಲ್ಲಿ ಚೀಲದೊಳಗೆ ಕೋವಿಯಿದೆ. ಲೈಸೆನ್ಸ್ ಇದೆ. ನಳಿಗೆ ಖಾಲಿ. ಕಾಗದ ಈ ಡ್ಯಾಷ್ ಬೋರ್ಡಿನಲ್ಲಿದೆ, ತೆಗೆಯಲೇ?’ ಇಷ್ಟು ಸಾಕು. ಮಾತಿನಲ್ಲಿ ಅಂಜಿಕೆಯೂ ಬೇಡ, ದರ್ಪವೂ ಬೇಡ. ಊರಿನ ದೊಡ್ಡವರ ಹೆಸರು ಹೇಳುವುದು, ಕೂಡಲೇ ಯಾರಿಗೋ ಫೋನು ಹಚ್ಚುವುದು ಇವುಗಳಿಂದ ಸರಳ ವಿಷಯ ಜಟಿಲವಾಗುತ್ತದೆ.

ಕೋವಿಯನ್ನು ನೋಡಬೇಕೆಂದರೆ, ತಾವೇ ತೆಗೆಯಬೇಕೋ ಅವರು ತೆಗೆಯುತ್ತಾರೋ ಕೇಳಿಕೊಳ್ಳಿ. ತೆಗೆಯುವಾಗ ನಳಿಗೆಯ ತುದಿ ಯಾರ ಕಡೆಗೂ ತಿರುಗದಿರಲಿ. ಲೈಸೆನ್ಸಿನಲ್ಲಿರುವ ನಂಬರೂ ಕೋವಿಯ ಮೇಲಿನ ನಂಬರೂ ತಾಳೆಯಾಗಬೇಕು. ಹಳೆಯ ಕೋವಿಗಳಲ್ಲಿ ನಂಬರು ತುಕ್ಕಿನಲ್ಲಿ ಮಸುಕಾಗಿರುವುದುಂಟು. ಮನೆಯಲ್ಲೇ ಎಣ್ಣೆ ಒರೆಸಿ ನೋಡಿಕೊಂಡಿರಿ.

ರೈಟರ ಕೈಲಿ ಕಳುಹಿಸುವಾಗ

ರಿಪೇರಿಗೋ ನವೀಕರಣಕ್ಕೋ ಕೋವಿಯನ್ನು ರೈಟರ ಕೈಲಿ, ಡ್ರೈವರ್ ಕೈಲಿ ಕಳುಹಿಸುವ ರೂಢಿ ನಮ್ಮಲ್ಲಿದೆ. ಕಾಯಿದೆಯ 3ನೇ ಕಲಂ ಇದಕ್ಕೆ ಅವಕಾಶ ಕೊಟ್ಟಿದೆ, ಆದರೆ ಲೈಸೆನ್ಸುದಾರನು ಜೊತೆಯಲ್ಲಿರಬೇಕು, ಇಲ್ಲವೇ ಅವನ ಲಿಖಿತ ಅಧಿಕಾರ ಪತ್ರವಿರಬೇಕು. ಬಾಯಿಮಾತು ಸಾಲದು. ಪತ್ರ ಹೀಗಿದ್ದರೆ ಸಾಕು:

“ಈ ಪತ್ರ ತರುವ ... ಎಂಬ ನನ್ನ ತೋಟದ ರೈಟರಿಗೆ, ನನ್ನ ಲೈಸೆನ್ಸ್ ನಂ. ... ರಲ್ಲಿ ನಮೂದಾದ ... ನಂಬರಿನ ಕೋವಿಯನ್ನು ರಿಪೇರಿಗಾಗಿ ... ಊರಿನ ... ಅಂಗಡಿಗೆ ... ತಾರೀಖಿನಂದು ಒಯ್ಯಲು ಅಧಿಕಾರ ಕೊಟ್ಟಿದ್ದೇನೆ. ತೋಟಾ ಕಳುಹಿಸಿಲ್ಲ. — ಸಹಿ, ವಿಳಾಸ, ಫೋನ್ ನಂಬರ್.”

ಇದರ ಜೊತೆಗೆ ಲೈಸೆನ್ಸನ್ನೂ ಕಳುಹಿಸಿ. ಪತ್ರವಿಲ್ಲದೆ ಕಳುಹಿಸಿದರೆ ಸಂಬಳಕ್ಕೆ ದುಡಿಯುವ ಬಡಪಾಯಿ ಲೈಸೆನ್ಸ್ ಇಲ್ಲದೆ ಕೋವಿ ಒಯ್ದ ಆರೋಪಿಯಾಗುತ್ತಾನೆ. ಕೊಟ್ಟ ಯಜಮಾನನೂ ಉತ್ತರ ಹೇಳಬೇಕಾಗುತ್ತದೆ. ನಮ್ಮ ಅವಸರಕ್ಕೆ ಅವನ ಮನೆಯವರು ಠಾಣೆಯ ಮುಂದೆ ಕಾಯುವಂತಾಗಬಾರದು.

ಕಾಡಿನ ಗೇಟುಗಳು

ಪೊಲೀಸ್ ಗೇಟಿಗಿಂತ ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಚ್ಚು ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 31ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಪೂರ್ವಾನುಮತಿಯಿಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಕಟ್ಟಳೆ. ಕುಟ್ಟದಿಂದ ನಾಗರಹೊಳೆಯ ಮೂಲಕ ಹುಣಸೂರಿಗೆ, ಕಳಸದಿಂದ ಕುದುರೆಮುಖದ ಮೂಲಕ ಕಾರ್ಕಳಕ್ಕೆ, ಬಂಡೀಪುರದ ಮೂಲಕ ಗೂಡಲೂರಿಗೆ ಹೋಗುವವರು ಕೋವಿಯನ್ನು ಮನೆಯಲ್ಲಿ ಬಿಟ್ಟು ಹೋಗಲಿ, ಇಲ್ಲವೇ ಸುತ್ತುದಾರಿ ಹಿಡಿಯಲಿ. ಡೀಸೆಲ್ ಖರ್ಚು ವಕೀಲರ ಫೀಸಿಗಿಂತ ಅಗ್ಗ.

ಇದೇ ಕಾಯಿದೆಯ 34ನೇ ಕಲಂ ಅನೇಕರಿಗೆ ಗೊತ್ತೇ ಇಲ್ಲ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಅದು ಹೇಳುತ್ತದೆ. ಭದ್ರಾ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಸೆರಗಿನಲ್ಲಿ ತೋಟವಿರುವ ಸದಸ್ಯರು ಇದನ್ನು ಪರಿಶೀಲಿಸಿಕೊಳ್ಳಬೇಕು. ಕೋವಿಯ ಲೈಸೆನ್ಸ್ ಕಾಡುಪ್ರಾಣಿ ಹೊಡೆಯುವ ಲೈಸೆನ್ಸ್ ಅಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ.

ಕೊಡಗಿನ ಸದಸ್ಯರಿಗೆ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ನಿಮಗೆ ಗೊತ್ತು, ದೂರದ ಊರಿನ ಪೇದೆಗೆ ಗೊತ್ತಿರಬೇಕಲ್ಲ! 19ನೇ ಕಲಂ ಪ್ರಕಾರ ವಿನಾಯಿತಿ ಇದೆಯೆಂದು ತೋರಿಸುವ ಹೊಣೆ ಒಯ್ಯುವವರದೇ. ಆದ್ದರಿಂದ ವಿನಾಯಿತಿ ಪತ್ರ ಸದಾ ಜೊತೆಯಲ್ಲಿರಲಿ. ಮೇಲೆ ಹೇಳಿದ ವನ್ಯಜೀವಿ ಕಾಯಿದೆಯ ನೋಂದಣಿ ವಿನಾಯಿತಿ ಪಡೆದವರಿಗೂ ಅನ್ವಯಿಸುತ್ತದೆ.

ವಶಪಡಿಸಿಕೊಂಡರೆ

ಎಲ್ಲ ಸರಿಯಿದ್ದೂ ಕೋವಿ ವಶಪಡಿಸಿಕೊಂಡರೆ ರಸ್ತೆಯಲ್ಲಿ ಜಗಳ ಬೇಡ, ಕಿತ್ತುಕೊಳ್ಳುವ ಯತ್ನವಂತೂ ಬೇಡವೇ ಬೇಡ. ಕೋವಿಯ ನಂಬರು, ತೋಟಾಗಳ ಸಂಖ್ಯೆ, ದಿನ, ಹೊತ್ತು ನಮೂದಿಸಿದ ರಶೀದಿಯನ್ನು ಅಥವಾ ಮಹಜರಿನ ನಕಲನ್ನು ವಿನಯದಿಂದ ಕೇಳಿ. ಅಧಿಕಾರಿಯ ಹೆಸರು, ಠಾಣೆ ಬರೆದುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧನೆ ಮತ್ತು ವಶಪಡಿಸಿಕೊಳ್ಳುವಿಕೆಯನ್ನು ವಿಡಿಯೋದಲ್ಲಿ ದಾಖಲಿಸಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮೊಕದ್ದಮೆ ದಾಖಲಾದರೆ ಕೋವಿ ಬಿಡಿಸಿಕೊಳ್ಳಲು ಆ ನ್ಯಾಯಾಲಯಕ್ಕೇ ಅರ್ಜಿ ಹಾಕಿಕೊಳ್ಳಬೇಕು. ‘ಲೈಸೆನ್ಸ್ ರದ್ದು ಮಾಡಿಸಿಬಿಡುತ್ತೇನೆ’ ಎಂಬ ಮಾತಿಗೆ ಹೆದರಬೇಕಿಲ್ಲ. ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ಸೇರಿದ್ದು. ಸಾಮಾನ್ಯವಾಗಿ ನಮ್ಮ ಜಿಲ್ಲಾಧಿಕಾರಿಗಳು. ಅವರ ಆದೇಶದ ಮೇಲೆ 18ನೇ ಕಲಂ ಪ್ರಕಾರ ಅಪೀಲು ಇದೆ.

ಚುನಾವಣೆಗೆಂದು ಠಾಣೆಗೆ ಒಪ್ಪಿಸಲು ಒಯ್ಯುವವರು ಠೇವಣಿ ಆದೇಶದ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳಲಿ. ಒಪ್ಪಿಸಿದ ಮೇಲೆ ರಶೀದಿಯನ್ನು ಜೋಪಾನ ಮಾಡಲಿ. ಕೋವಿ ವಾಪಸು ತರುವ ದಿನ ಗೇಟಿನಲ್ಲಿ ಬೇಕಾಗುವುದು ಅದೇ.

ಇಷ್ಟು ಓದಿದವರು ಇವತ್ತೇ ಪೆಟ್ಟಿಗೆಯಿಂದ ಲೈಸೆನ್ಸ್ ತೆಗೆದು ನಾಲ್ಕು ಅಂಶ ನೋಡಿಕೊಳ್ಳಲಿ: ಮುಗಿಯುವ ತಾರೀಖು, ಅನ್ವಯವಾಗುವ ಪ್ರದೇಶ, ಕೋವಿಯ ನಂಬರು, ತೋಟಾಗಳ ಮಿತಿ. ಯಾವುದರಲ್ಲಾದರೂ ಸಂದೇಹವಿದ್ದರೆ ಕಾಗದ ಹಿಡಿದುಕೊಂಡು ಸಂಘದ ಕಚೇರಿಗೆ ಬನ್ನಿ. ಕಾಗದವನ್ನು ಮಾತ್ರ ತನ್ನಿ. ಕೋವಿ ಮನೆಯಲ್ಲೇ ಇರಲಿ.

— ಕಾರ್ಯದರ್ಶಿ